ಡೈರಿಯಣ್ಣನ ಲಾರಿಗೆ ಯಾವ ಸೆಟ್ಟು

ಲೈಸೆನ್ಸಿನ ಮೇಲೆ ಅವನಿಗೊಂದು ಹೆಸರಿದೆ, ಆದರೆ ಅದನ್ನು ಓದುವವರು ಚೆಕ್‌ಪೋಸ್ಟಿನವರು ಮಾತ್ರ. ಲಾರಿ ಆಫೀಸಿನಲ್ಲಿ, ಲಾರಿ ತೂಗುವ ವೇಬ್ರಿಜ್ಜಿನಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನು ಡೈರಿಯಣ್ಣ. ಹಿಂದಿನ ಎಡಗಡೆಯ ಒಳಟೈರನ್ನು ಬದಲಾಯಿಸಿದ್ದು ಯಾವಾಗ ಎಂದು ಕೇಳಿದರೆ ಸಾಕು, ತಾರೀಖು, ಆಗ ಮೀಟರಿನಲ್ಲಿದ್ದ ಕಿಲೋಮೀಟರು, ಮೆಕ್ಯಾನಿಕ್ ಅವತ್ತು ತೊಟ್ಟಿದ್ದ ಅಂಗಿಯ ಬಣ್ಣ, ಎಲ್ಲವನ್ನೂ ಒಪ್ಪಿಸುತ್ತಾನೆ. ಅಂಗಿಯ ಬಣ್ಣ ಯಾರೂ ಕೇಳಿರುವುದಿಲ್ಲ. ಒಮ್ಮೆ ಆಫೀಸಿನ ಗುಮಾಸ್ತ ಟ್ರಿಪ್ ಶೀಟು ಕಳೆದುಕೊಂಡು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಡೈರಿಯಣ್ಣ ಬೆಂಚಿನ ಮೇಲೆ ಕೂತು ಹನ್ನೊಂದು ದಿನದ ಓಡಾಟವನ್ನು ನೆನಪಿನಿಂದಲೇ ಬರೆಸಿದ. ಆಮೇಲೆ ಶೀಟು ಕಪಾಟಿನ ಹಿಂದೆ ಸಿಕ್ಕಿತು. ಒಂದೇ ಒಂದು ಕಡೆ ವ್ಯತ್ಯಾಸವಿತ್ತು, ಅದೂ ಗುಮಾಸ್ತನದೇ ತಪ್ಪು. ಅಂದಿನಿಂದ ಈ ಹೆಸರು ಅಂಟಿಕೊಂಡಿತು, ಅವನಿಗೂ ಅದು ಒಳಗೊಳಗೇ ಇಷ್ಟ.

ಸಾಗಿಸುವುದು ಗಾಜು. ಆಳೆತ್ತರದ ಗಾಜಿನ ಹಾಳೆಗಳನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ, ಬೆಲ್ಟು ಬಿಗಿದು, ಹನ್ನೆರಡು ದಿನ ಓಡಿಸಬೇಕು. ಗಾಜಿನ ಲಾರಿ ಓಡಿಸುವವನು ಬ್ರೇಕನ್ನು ಪಾದದಿಂದಲ್ಲ, ಹೆಬ್ಬೆರಳಿನಿಂದ ಒತ್ತಬೇಕು ಎನ್ನುವುದು ಅವನ ಸಿದ್ಧಾಂತ. ಇಪ್ಪತ್ತೇಳು ವರ್ಷದಲ್ಲಿ ಅವನ ಲೋಡಿನಲ್ಲಿ ಒಡೆದದ್ದು ಒಂದೇ ಹಾಳೆ. ಅದೂ ಇಳಿಸುವವರು ಇಳಿಸುವಾಗ ಒಡೆದದ್ದು, ಅವರ ಅಂಗಿಯ ಬಣ್ಣವೂ ಅವನಿಗೆ ಗೊತ್ತು.

ಹೆಂಡತಿ ಮನೆಯಲ್ಲೇ ಪುಸ್ತಕ ಬೈಂಡಿಂಗ್ ಮಾಡುತ್ತಾಳೆ. ಲೈಬ್ರರಿಯವರು ಹೊಲಿಗೆ ಬಿಟ್ಟ, ರಟ್ಟು ಕಿತ್ತ ಪುಸ್ತಕಗಳನ್ನು ಚೀಲಗಟ್ಟಲೆ ಕಳಿಸುತ್ತಾರೆ. ಮುಂದಿನ ಕೋಣೆಯ ತುಂಬ ರಟ್ಟು, ದಾರ, ಅಂಟಿನ ಡಬ್ಬಿ, ಮೇಜಿನ ಕಾಲಿಗೆ ಬಿಗಿದ ಒಂದು ಕಬ್ಬಿಣದ ಪ್ರೆಸ್ಸು. ಓದದೆ ಯಾವ ಪುಸ್ತಕಕ್ಕೂ ಅವಳು ಸೂಜಿ ಹಾಕಿದವಳಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಊರಿಗೆ ಬಂದಾಗಲೆಲ್ಲ ಟೈರು, ಡೀಸೆಲ್ಲು, ಟೋಲಿನ ಸಾಲು ಎಂದು ಶುರು ಮಾಡುತ್ತಿದ್ದ. ಕೇಳಿ ಕೇಳಿ ಸಾಕಾಗಿ ಅವಳೊಂದು ದಿನ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ರೀ, ತಿಂಗಳಲ್ಲಿ ಇಪ್ಪತ್ತು ದಿನ ನೀವು ಇರಲ್ಲ. ಇರೋ ಹತ್ತು ದಿನ ನಾನು ಟೈರಿನ ಜತೆ ಸಂಸಾರ ಮಾಡ್ಬೇಕಾ?"

ಮರುವಾರದಿಂದ ಅವಳು ತಾನು ಓದುವ ಕಾದಂಬರಿಯನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡತೊಡಗಿದಳು. ಮೊದಲು ಕ್ಯಾಸೆಟ್ಟು, ಆಮೇಲೆ ಫೋನು. ದಿನಕ್ಕೆ ಗಂಟಲು ಎಷ್ಟು ತಡೆಯುತ್ತದೋ ಅಷ್ಟು. ಪ್ರತಿ ಕಂತಿಗೂ 1, 2, 3 ಎಂದು ನಂಬರು ಹಾಕಿ, ಇಡೀ ಪುಸ್ತಕವನ್ನು ಪೆನ್‌ಡ್ರೈವಿಗೆ ತುಂಬಿ, ಲಾರಿ ಹೊರಡುವಾಗ ಊಟದ ಡಬ್ಬಿಯ ಜತೆ ಕೊಡುತ್ತಿದ್ದಳು. ಅವನು ದಿನಕ್ಕೆ ಎರಡು ಕಂತು ಕೇಳಿ, ಸಂಜೆ ಫೋನು ಮಾಡುತ್ತಿದ್ದ. ಕತೆಯೊಳಗಿನ ಸೊಸೆ ಮಾಡಿದ್ದು ಸರಿಯೋ ತಪ್ಪೋ ಎಂದು ಇಬ್ಬರೂ ಜಿದ್ದಿಗೆ ಬಿದ್ದು ಜಗಳವಾಡುತ್ತಿದ್ದರು. ಇಷ್ಟು ಚೆಂದದ ಜಗಳ ಆಡುವ ದಂಪತಿಯನ್ನು ನಾನಂತೂ ಬೇರೆ ಕಡೆ ಕಂಡಿಲ್ಲ.

ಎಲ್ಲ ಕೆಟ್ಟದ್ದು ಹೊಸ ಲಾರಿ ಬಂದ ಮೇಲೆ.

ಮಾಲೀಕರು ಹಳೆಯ ಲಾರಿಯನ್ನು ಬಿಡಿಸಿ ಹೊಸದನ್ನು ಅವನ ಕೈಗೆ ಕೊಟ್ಟಿದ್ದರು. ಸೀಟು ಹೊಸದು, ಕ್ಯಾಬಿನ್ನಿನಲ್ಲಿ ಪ್ಲಾಸ್ಟಿಕ್ಕಿನ ಹೊಸ ವಾಸನೆ, ಡ್ಯಾಶ್‌ಬೋರ್ಡಿನಲ್ಲಿ ಕಂಪನಿಯೇ ಕೂರಿಸಿದ ಪುಟ್ಟ ಮ್ಯೂಸಿಕ್ ಸೆಟ್ಟು. ಅದರ ಗುಂಡಿಗಳು ಸ್ಟೇರಿಂಗಿನಲ್ಲೇ ಇದ್ದವು. ರಿವರ್ಸ್ ಗೇರು ಹಾಕಿದರೆ ಸೆಟ್ಟು ತಾನಾಗಿಯೇ ದನಿ ತಗ್ಗಿಸುತ್ತಿತ್ತು. ಅಷ್ಟು ಸೌಜನ್ಯ ಅವನ ಭಾವಮೈದುನನಿಗೂ ಇಲ್ಲ.

ಮೊದಲ ಪುಸ್ತಕ ಒಬ್ಬ ಫೋಟೋಗ್ರಾಫರನ ಸಂಸಾರದ ಕತೆ. ಮೊದಲ ದಿನ ಹೊರಟು ಒಂದು ಕಂತು ಮುಗಿಯಿತು. ಎರಡನೆಯದು ಶುರುವಾಯಿತು ನೋಡಿ, ಅದರಲ್ಲಿ ಯಾರೋ ಲಾಯರು ಆಗಲೇ ಜಗಲಿಯ ಮೇಲೆ ಕೂತು ಸಿಟ್ಟಾಗಿದ್ದ. ಈ ಲಾಯರು ಬಂದದ್ದು ಯಾವಾಗ? ಡೈರಿಯಣ್ಣ ತಲೆ ಕೆರೆದುಕೊಂಡ. ಎಲ್ಲೋ ಮಧ್ಯೆ ಲಾರಿ ಓಡಿಸುವ ಗಮನದಲ್ಲಿ ತಪ್ಪಿಸಿಕೊಂಡೆ ಅಂದುಕೊಂಡ. ಸೆಟ್ಟಿನ ಪರದೆಯ ಮೇಲೆ 2 ಎಂಬ ಅಂಕಿ ಎದ್ದು ಕಾಣುತ್ತಿತ್ತು, ಅಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೂರನೆಯ ದಿನ ಫೋಟೋಗ್ರಾಫರನ ತಂಗಿ ತೀರಿಕೊಂಡಳು. ನಾಲ್ಕನೆಯ ದಿನ ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಹಾಡುತ್ತಿದ್ದಳು.

ಆ ಸಂಜೆ ಅವನು ಹೆಂಡತಿಗೆ ಫೋನು ಮಾಡಿ, "ಅಲ್ಲ ಕಣೇ, ಆ ಲಾಯರು ಯಾರು?" ಎಂದು ಕೇಳಿದ.

"ರೀ, ಎಷ್ಟು ದೊಡ್ಡ ಜಾಗ ಅದು. ಲಾಯರು ಬರೋದನ್ನ ಎರಡು ಸಲ ಉಗುಳು ನುಂಗಿಕೊಂಡು ಓದಿದ್ದೀನಿ. ಕೇಳಿಸಿಕೊಳ್ಳಲಿಲ್ವಾ?"

"ಕೇಳಿಸಿಕೊಂಡಿದ್ದೆ ಅನ್ನಿಸುತ್ತೆ," ಎಂದ ಡೈರಿಯಣ್ಣ. ಹುಟ್ಟಿದಾಗಿನಿಂದ 'ಅನ್ನಿಸುತ್ತೆ' ಎಂಬ ಪದವನ್ನು ಅವನು ಬಳಸಿದ್ದೇ ಅಪರೂಪ.

ಇಲ್ಲಿ ಅವನ ಅಪ್ಪನ ವಿಷಯ ಹೇಳಬೇಕು. ಅಪ್ಪ ಅಂಚೆ ಹಂಚುವವರು. ಮೂವತ್ತು ವರ್ಷ ಪ್ರತಿ ಬೀದಿಯ ಪ್ರತಿ ಬಾಗಿಲು ಅವರಿಗೆ ಗೊತ್ತಿತ್ತು. ಐವತ್ತು ದಾಟಿದ ಮೇಲೆ ಮೊದಲು ಕೈಕೊಟ್ಟದ್ದು ಕತೆಗಳು. ಊಟಕ್ಕೆ ಕೂತಾಗ ಒಂದು ಕತೆ ಶುರು ಮಾಡಿ, ನಡುವಿನಿಂದ ಕೊನೆಗೆ ಹಾರಿ, ಮತ್ತೆ ಮೊದಲಿಗೆ ಬರುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು. ಕೆಲವು ವರ್ಷದ ಮೇಲೆ ಒಂದು ಮಧ್ಯಾಹ್ನ ತಮ್ಮ ಮನೆಯ ಬಾಗಿಲನ್ನೇ ತಟ್ಟಿ, "ಈ ಮನೆಯವರು ಯಾರು?" ಎಂದು ಕೇಳಿದರು. ಬಾಗಿಲು ತೆಗೆದವನು ಡೈರಿಯಣ್ಣ. ಅವತ್ತು ಅಪ್ಪ ತೊಟ್ಟಿದ್ದ ಅಂಗಿಯ ಬಣ್ಣವನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ.

ಅವನಿಗೀಗ ನಲವತ್ತೊಂಬತ್ತು. ಲೆಕ್ಕ ಅವನಿಗೂ ಬರುತ್ತದೆ.

ಎರಡನೆಯ ಪುಸ್ತಕದ ಹೊತ್ತಿಗೆ ಹೆಂಡತಿ ಹೊಸದೊಂದು ಅಭ್ಯಾಸ ಶುರು ಮಾಡಿದಳು. ಪ್ರತಿ ಕಂತಿನ ಮೊದಲು, "ಕೇಳಿ, ಇಲ್ಲಿವರೆಗೆ ಆದದ್ದು ಇಷ್ಟು," ಎಂದು ಹಿಂದಿನ ಕತೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತಿದ್ದಳು. ಅದು ಒಂದು ಮನೆಯಲ್ಲಿ ಉಂಗುರ ಕಳುವಾದ ಕತೆ. ಮೊದಲ ಕಂತಿನಲ್ಲಿ ಉಂಗುರ ಬೆರಳಿನಲ್ಲೇ ಇತ್ತು. ಪರದೆ 2 ಎಂದು ತೋರಿಸಿದಾಗ ಹೆಂಡತಿಯ ದನಿ ಶಾಂತವಾಗಿ ಹೇಳಿತು: ಉಂಗುರ ಹೋಯಿತು, ಪೊಲೀಸು ಬಂದು ಹೋಯಿತು, ಅಕ್ಕಸಾಲಿಗನ ಮೇಲೆ ಅನುಮಾನ, ದೊಡ್ಡ ಮಗ ಮನೆ ಬಿಟ್ಟ, ನೆನಪಿದೆಯಲ್ಲ? ಡೈರಿಯಣ್ಣನಿಗೆ ಒಂದು ಅಕ್ಷರವೂ ನೆನಪಿರಲಿಲ್ಲ. ಲಾರಿಯನ್ನು ಪಕ್ಕಕ್ಕೆ ಹಾಕಿ, ಇಳಿದು, ಬೆಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಗಾಜು ಸುರಕ್ಷಿತವಾಗಿತ್ತು. ಒಡೆದದ್ದು ತನ್ನೊಳಗಿನದು ಎಂದುಕೊಂಡು ಮತ್ತೆ ಹತ್ತಿದ.

ಆ ಸಲ ಅವನು ಪ್ರಶ್ನೆ ಕೇಳಲಿಲ್ಲ, ಜಾಣನಾಗಿದ್ದ. ಎರಡನೆಯ ದಿನ ಫೋನಿನಲ್ಲಿ, "ಕದ್ದದ್ದು ಅಕ್ಕಸಾಲಿಗ ಅಲ್ಲ ಬಿಡು, ಅತ್ತೆ," ಎಂದಷ್ಟೇ ಹೇಳಿದ.

"ಎರಡೇ ದಿನಕ್ಕೆ ಹಿಡಿದುಬಿಟ್ರಾ? ನಾನು ಅರ್ಧ ಪುಸ್ತಕ ಕಾದೆ!"

ಇದು ಹೊಗಳಿಕೆಯೋ ಪರೀಕ್ಷೆಯೋ ತಿಳಿಯದೆ ಅವನು ಹೂಂಗುಟ್ಟಿದ.

ಟ್ರಿಪ್ಪಿನಿಂದ ವಾಪಸ್ಸು ಬರುವ ದಾರಿಯಲ್ಲಿ ಅವನೊಂದು ತೀರ್ಮಾನಕ್ಕೆ ಬಂದ. ತಲೆ ಹೀಗಾದವನು ಆಳೆತ್ತರದ ಗಾಜು ಹೊತ್ತು ಸಂತೆ ಬೀದಿಗಳಲ್ಲಿ ಲಾರಿ ಓಡಿಸಬಾರದು. ಇವತ್ತು ಲಾಯರನ್ನು ಮರೆತವನು ನಾಳೆ ಬ್ರೇಕನ್ನು ಮರೆಯುವುದಿಲ್ಲ ಎಂದು ಏನು ಗ್ಯಾರಂಟಿ? ಶನಿವಾರ ಮಾಲೀಕರ ಮುಂದೆ ಕೀಲಿ ಇಟ್ಟುಬಿಡುವುದು. ಹೆಂಡತಿಗೆ ಆಮೇಲೆ ಹೇಳುವುದು. ಹೇಗೆ ಹೇಳುವುದು ಎಂಬುದು ಮಾತ್ರ ಎಷ್ಟು ಕಿಲೋಮೀಟರು ಓಡಿದರೂ ಹೊಳೆಯಲಿಲ್ಲ.

ಆಫೀಸಿಗೆ ಬಂದರೆ ಮಾಲೀಕರು ನಗುನಗುತ್ತ ಕಾದಿದ್ದರು. "ಡೈರಿ, ಇಷ್ಟು ವರ್ಷ ಒಂದು ಗಾಜು ಒಡೆಯದೆ ಓಡಿಸಿದ್ದೀಯ. ಲಾರಿಗೆ ಒಂದು ಒಳ್ಳೆ ಸೆಟ್ಟು ಹಾಕಿಸಿಕೊಡ್ತೀನಿ. ಕಂಪನಿದೇ ಇರಲೋ, ಹೊರಗಿನದು ಹಾಕಿಸೋಣವೋ, ನೀನೇ ನೋಡಿ ಶನಿವಾರ ಹೇಳು."

ಡೈರಿಯಣ್ಣ ತನ್ನ ನಂತರ ಬರುವ ಡ್ರೈವರಿಗಾದರೂ ಒಳ್ಳೆಯದು ಇರಲಿ ಎಂದುಕೊಂಡು, "ಆಯ್ತು ಸಾರ್," ಎಂದ.

ಯಾರ್ಡಿನಲ್ಲಿ ಸುದ್ದಿ ಹಬ್ಬಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಟ್ಯಾಂಕರ್ ಓಡಿಸುವವನು, "ಹೊರಗಿನದೇ ಹಾಕಿಸಣ್ಣ! ಇಷ್ಟಗಲ ಸ್ಕ್ರೀನು, ಸೀಟಿನ ಕೆಳಗೆ ಸ್ಪೀಕರ್ ಡಬ್ಬ, ಹಾಡು ಹಾಕಿದ್ರೆ ಬೆನ್ನುಮೂಳೆ ಎದ್ದು ಕುಣೀಬೇಕು," ಎಂದ. ಸಿಮೆಂಟಿನವನು ಮೂಗು ಮುರಿದ. "ಇವನ ಮಾತು ಕೇಳಬೇಡ. ಇವನ ಲಾರೀಲಿ ವೈರು ಕತ್ತರಿಸಿ, ಸೆಟ್ಟು ಆನ್ ಮಾಡಿದ್ರೆ ವೈಪರ್ ಓಡುತ್ತೆ." ಗಾಜಿನ ಲೋಡಿನ ಪಕ್ಕದಲ್ಲಿ ಬೆನ್ನುಮೂಳೆ ಕುಣಿಸುವ ಡಬ್ಬ ಇಟ್ಟರೆ ಏನಾಗುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಡೈರಿಯಣ್ಣನೂ ಅವತ್ತು ಹೇಳುವ ಉತ್ಸಾಹದಲ್ಲಿರಲಿಲ್ಲ.

ಗುರುವಾರ ಬೆಳಗ್ಗೆ ಸ್ಪೀಕರಕ್ಕನ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದ. ಅರವತ್ತರ ಹತ್ತಿರದ ಹೆಂಗಸು, ಕನ್ನಡಕದ ದಾರ ಕುತ್ತಿಗೆಗೆ, ಸ್ಕ್ರೂಡ್ರೈವರು ತುರುಬಿಗೆ. ಗಂಡನ ಕಾಲದಿಂದ ಇರುವ ಅಂಗಡಿಯನ್ನು ಗಂಡನಿಗಿಂತ ಚೆನ್ನಾಗಿ ನಡೆಸುತ್ತಿದ್ದಾಳೆ. ಗೋಡೆಯ ತುಂಬ ಸ್ಪೀಕರುಗಳು, ಮೇಜಿನ ಮೇಲೆ ಬ್ಯಾಟರಿಗೆ ಸಿಕ್ಕಿಸಿದ ದೊಡ್ಡ ಪರದೆಯ ಸೆಟ್ಟು. ಸ್ವಂತ ಮಾಲನ್ನೇ ಬಯ್ದುಕೊಂಡು ಮಾರುವ ಅಪರೂಪದ ವ್ಯಾಪಾರಿ ಅವಳು.

"ನೋಡಣ್ಣ, ಇದು ಚೆಂದ ಇದೆ, ಚೆನ್ನಾಗಿ ಹಾಡುತ್ತೆ. ಆದರೆ ಇದನ್ನ ಹಾಕಿದ್ರೆ ನಿನ್ನ ಸ್ಟೇರಿಂಗಿನ ಗುಂಡಿ ಕೆಲಸ ಮಾಡೋಕೆ ಇನ್ನೊಂದು ಪೆಟ್ಟಿಗೆ ಬೇಕು. ರಿವರ್ಸಲ್ಲಿ ದನಿ ತಗ್ಗಿಸಲ್ಲ. ಬಿಸಿಲಿಗೆ ಪರದೆ ಕಾಣಲ್ಲ. ನೀನು ಏನು ಕೇಳ್ತೀಯ, ಹಾಡಾ?"

"ಕತೆ."

"ಕತೇನಾ? ಪೆನ್‌ಡ್ರೈವ್ ಇದ್ಯಾ? ಕೊಡು ಇಲ್ಲಿ."

ಉಂಗುರದ ಪುಸ್ತಕ ಅವನ ಜೇಬಿನಲ್ಲೇ ಇತ್ತು. ಅವಳು ಚುಚ್ಚಿದಳು. ಹೆಂಡತಿಯ ದನಿ ಅಂಗಡಿಯ ಎಲ್ಲ ಗೋಡೆಗಳಿಂದಲೂ ಬಂತು. ಡೈರಿಯಣ್ಣ ನಾಚಿ ನೆಲ ನೋಡಿದ. ಮೊದಲ ಕಂತನ್ನು ಸ್ವಲ್ಪ ಕೇಳಿಸಿ, ಅಕ್ಕ ಮುಂದಿನದಕ್ಕೆ ಒತ್ತಿದಳು. "ಕೇಳಿ, ಇಲ್ಲಿವರೆಗೆ ಆದದ್ದು ಇಷ್ಟು. ಉಂಗುರ ಇನ್ನೂ ಬೆರಳಲ್ಲೇ ಇದೆ..."

"ಇದು ಎರಡನೇದಲ್ಲ," ಎಂದ ಡೈರಿಯಣ್ಣ.

"ಪರದೆ ಮೇಲೆ ಎರಡು ಅಂತಿದೆಯಲ್ಲಪ್ಪ."

"ಇಲ್ಲಕ್ಕ. ಇದನ್ನ ನಾನು ಕೇಳಿದ್ದು ಆರನೇ ದಿನ. ಉದ್ದನೆ ಸೇತುವೆ ಇಳಿದು, ಪೆಟ್ರೋಲ್ ಬಂಕ್ ದಾಟಿದ ಮೇಲೆ. ಎಡಗಡೆ ಒಂದು ಟ್ರ್ಯಾಕ್ಟರು ಮಗುಚಿಕೊಂಡಿತ್ತು." ಅಷ್ಟು ಹೇಳಿ ಅವನ ದನಿ ಕುಗ್ಗಿತು. "ಬಿಡಿ. ನನ್ನ ತಲೆ ಈಗ ಸರಿಯಿಲ್ಲ. ಎಲ್ಲ ಹಿಂದೆಮುಂದೆ ಆಗಿದೆ."

ಸ್ಪೀಕರಕ್ಕ ಕನ್ನಡಕ ಏರಿಸಿ ಅವನನ್ನು ನೋಡಿದಳು. ಟ್ರ್ಯಾಕ್ಟರು ಮಗುಚಿದ್ದು ಯಾವ ಕಡೆ ಎಂದು ನೆನಪಿರುವವನ ತಲೆ ಕೆಟ್ಟಿದೆ ಎಂಬುದು ಅವಳಿಗೆ ಒಪ್ಪಿಗೆಯಾಗಲಿಲ್ಲ. "ನೀನು ಯಾವ್ಯಾವ ಕ್ರಮದಲ್ಲಿ ಕೇಳಿದೆ, ಹೇಳು ನೋಡೋಣ," ಎಂದು ರಟ್ಟಿನ ಚೂರೊಂದನ್ನು ಎಳೆದುಕೊಂಡಳು.

ಅವನು ಹೇಳಿದ. ಮೊದಲು ಮದುವೆ ಮನೆ. ಆಮೇಲೆ ಪೊಲೀಸು ಬಂದು ಹೋದ ಮೇಲಿನದು. ಆಮೇಲೆ ಅಕ್ಕಸಾಲಿಗನ ಹೆಂಡತಿ ಅಳೋದು. ಆಮೇಲೆ ಅತ್ತೆ ಸಿಕ್ಕಿಬೀಳೋದು. ಇಪ್ಪತ್ತಮೂರು ಕಂತನ್ನೂ ಅವನು ಸೇತುವೆ, ಟೋಲು, ತಿರುವುಗಳ ಸಮೇತ ಹೇಳುತ್ತ ಹೋದ. ಅಕ್ಕ ಒಂದೊಂದನ್ನೂ ದೊಡ್ಡ ಸೆಟ್ಟಿನಲ್ಲಿ ಹುಡುಕಿ ನಂಬರು ಬರೆಯುತ್ತ ಹೋದಳು. ಮುಗಿದ ಮೇಲೆ ರಟ್ಟಿನ ಮೇಲೆ ಇದ್ದದ್ದು ಇಷ್ಟು: 1, 10, 11, 12, ಹೀಗೆ 19ರವರೆಗೆ. ಆಮೇಲೆ 2. ಆಮೇಲೆ 20, 21, 22, 23. ಆಮೇಲೆ 3, 4, 5...

ಅಕ್ಕ ಗಹಗಹಿಸಿ ನಕ್ಕಳು. ಮಾತಾಡದೆ ಪೆನ್‌ಡ್ರೈವ್ ಕಿತ್ತುಕೊಂಡು ಹೋಗಿ, ಲಾರಿ ಹತ್ತಿ, ಕಂಪನಿ ಸೆಟ್ಟಿಗೆ ಚುಚ್ಚಿದಳು. ಒಂದು ಮುಗಿಸಿ ಮುಂದಕ್ಕೆ ಒತ್ತಿದರೆ ಉಂಗುರ ಹೋಗಿ, ಪೊಲೀಸು ಬಂದು, ದೊಡ್ಡ ಮಗ ಮನೆ ಬಿಟ್ಟಾಗಿತ್ತು.

"ಈ ಸೆಟ್ಟು ಡಿಕ್ಷನರಿ ಥರ ಓದುತ್ತಣ್ಣ," ಎಂದಳು ಅಕ್ಕ, ಮೆಟ್ಟಿಲ ಮೇಲಿಂದಲೇ. "ಇದಕ್ಕೆ ಹತ್ತು ಅಂತ ಸಂಖ್ಯೆ ಗೊತ್ತಿಲ್ಲ. ಒಂದರಿಂದ ಶುರುವಾಗೋದೆಲ್ಲ ಮೊದಲು, ಎರಡರಿಂದ ಶುರುವಾಗೋದು ಆಮೇಲೆ. ಅದಕ್ಕೇ ಎರಡಕ್ಕಿಂತ ಮೊದಲೇ ಹತ್ತು ಬಂದು ಕೂತಿದೆ. ಪರದೆ ಮೇಲಿನ ಅಂಕಿ ಅದರ ಸ್ವಂತ ಎಣಿಕೆ, ಮನೆಯವರು ಹಾಕಿದ ನಂಬರಲ್ಲ. ನಿನ್ನ ಹಳೇ ಲಾರಿ ಸೆಟ್ಟು ತುಂಬಿಸಿದ ಕ್ರಮದಲ್ಲೇ ಹಾಡ್ತಿತ್ತು, ಅದಕ್ಕೇ ಗೊತ್ತಾಗಿಲ್ಲ. ಒಂಬತ್ತರವರೆಗೆ ಮುಂದೊಂದು ಸೊನ್ನೆ ಹಾಕೋಕೆ ಹೇಳು, ಸೊನ್ನೆ ಒಂದು, ಸೊನ್ನೆ ಎರಡು ಅಂತ. ಸರಿಹೋಗುತ್ತೆ."

ಡೈರಿಯಣ್ಣ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟ. ರಟ್ಟಿನ ಚೂರನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಒಂದೂ ತಪ್ಪಿರಲಿಲ್ಲ. ಸೆಟ್ಟು ಹೇಗೆ ಹಾಡಿತ್ತೋ ಹಾಗೆಯೇ, ಇಪ್ಪತ್ತಮೂರನ್ನೂ, ಒಂದೇ ಒಂದು ಜಾಗ ಜಾರದಂತೆ ಅವನ ತಲೆ ಇಟ್ಟುಕೊಂಡಿತ್ತು. ಅವನಿಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ಸ್ಪೀಕರಕ್ಕ ಗಾಬರಿಯಾಗಿ ಇಳಿದು ಬಂದಳು. "ಏನಣ್ಣ ಇದು! ಸೆಟ್ಟು ಕೆಟ್ಟದ್ದು ಸಿಕ್ಕಿತು ಅಂತ ಯಾರಾದ್ರೂ ಅಳ್ತಾರಾ? ಬೇಕಾದ್ರೆ ದೊಡ್ಡದನ್ನೇ ಹಾಕಿಕೊಡ್ತೀನಿ!"

"ಬೇಡಕ್ಕ," ಎಂದ ಅವನು, ಮೂಗು ಒರೆಸಿಕೊಂಡು ನಗುತ್ತ. "ಇದೇ ಇರಲಿ. ಇದು ತುಂಬ ಒಳ್ಳೇದು."

"ಹಾಗಾದ್ರೆ ಬಾಗಿಲಿನ ಸ್ಪೀಕರಾದ್ರೂ ಬದಲಾಯಿಸು. ಅವು ಬರೀ ಕಾಗದ. ಅಷ್ಟು ಚೆಂದದ ದನಿ ಇದೆ ನಿನ್ನ ಹೆಂಡತಿಗೆ."

ಅದಕ್ಕವನು ಒಪ್ಪಿದ.

ಮಧ್ಯಾಹ್ನ ಮನೆಗೆ ಹೋದಾಗ ಹೆಂಡತಿ ಪುಸ್ತಕವೊಂದರ ಬೆನ್ನಿಗೆ ಅಂಟು ಸವರುತ್ತಿದ್ದಳು. ಅವನು ನಿಂತೇ ಎಲ್ಲ ಹೇಳಿದ. ಹತ್ತು, ಎರಡು, ಡಿಕ್ಷನರಿ, ಸೊನ್ನೆ. ಅವಳು ಕುಂಚವನ್ನು ಗಾಳಿಯಲ್ಲೇ ಹಿಡಿದು ಕೇಳಿದಳು. ಅಂಟು ಸೀರೆಯ ಮೇಲೆ ತೊಟ್ಟಿಕ್ಕಿತು.

"ನಾನು ನಂಬರ್ ಹಾಕಿದ್ದು ತಪ್ಪಾ? ನಾನು? ಇಪ್ಪತ್ತು ವರ್ಷದಲ್ಲಿ ಒಂದು ಹಾಳೆ ಹಿಂದೆಮುಂದೆ ಹೊಲಿದವಳಲ್ಲ ನಾನು!"

"ನಿನ್ನ ತಪ್ಪಲ್ಲ ಕಣೇ. ನನ್ನದೂ ಅಲ್ಲ. ಅದನ್ನೇ ಹೇಳ್ತಿರೋದು." ಆಮೇಲೆ ಹೇಳದೆ ಇರಲಾಗಲಿಲ್ಲ. "ನನಗೂ ಅಪ್ಪನ ಥರ ಆಯ್ತು ಅಂದುಕೊಂಡಿದ್ದೆ. ಶನಿವಾರ ಕೀಲಿ ವಾಪಸ್ಸು ಕೊಡೋಣ ಅಂತಿದ್ದೆ."

ಅವಳು ಕುಂಚ ಕೆಳಗಿಟ್ಟಳು. "ನನಗೆ ಹೇಳದೆ?"

"ಹೇಗೆ ಹೇಳಲಿ? ನೀನು ಹೆದರ್ತೀಯ ಅಂತ..."

"ನಾನು ಹೆದರಿಕೊಂಡು ತಿಂಗಳಾಯ್ತು!" ಅವಳ ದನಿ ಒಡೆಯಿತು. "ನೀವು ಲಾಯರು ಯಾರು ಅಂತ ಕೇಳಿದ್ರಲ್ಲ, ಅವತ್ತಿನಿಂದ. ಒಂದು ದಿನ ಪತ್ತೇದಾರನ ಹಾಗೆ ಕಳ್ಳನ್ನ ಹಿಡೀತೀರಿ, ಮರುದಿನ ಏನೂ ಗೊತ್ತಿಲ್ಲ. ಮಾವನೋರೂ ಹಾಗೇ ಇದ್ರಲ್ಲ. ಮತ್ತೆ ನಾನು 'ಇಲ್ಲಿವರೆಗೆ ಆದದ್ದು ಇಷ್ಟು' ಅಂತ ಯಾಕೆ ಓದ್ತಿದ್ದೆ ಅಂದುಕೊಂಡ್ರಿ? ಚಟಕ್ಕಾ?"

ಅವನು ಆ ಮಾತುಗಳಿಗೆ ಎಷ್ಟು ಹೆದರಿದ್ದನೋ, ಅವಳು ಅಷ್ಟೇ ಹೆದರಿಕೊಂಡು ಅವನ್ನು ಓದಿದ್ದಳು. ಇಬ್ಬರೂ ಒಂದೇ ಭಯವನ್ನು, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ, ಒಂದೇ ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದರು. ಅವನು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತ. ಅವಳು ಅಳುತ್ತಲೇ ಅವನ ತೋಳಿಗೆ ಎರಡು ಗುದ್ದಿದಳು. ಅಂಟಿನ ಕೈ, ಅಂಗಿ ಹಾಳಾಯಿತು. ಆಮೇಲೆ ಇಬ್ಬರಿಗೂ ನಗು ಬಂತು. ಸತ್ತ ತಂಗಿ ಮರುದಿನ ಪಾತ್ರೆ ತೊಳೆದಿದ್ದನ್ನು ಅವನು ಹೇಳಿದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ಶನಿವಾರ ಮಾಲೀಕರ ಮುಂದೆ ಅವನು ಕೀಲಿ ಇಡಲಿಲ್ಲ. "ಕಂಪನಿ ಸೆಟ್ಟೇ ಇರಲಿ ಸಾರ್, ಸ್ಪೀಕರ್ ಮಾತ್ರ ಹಾಕಿಸಿ," ಎಂದ. ಟ್ಯಾಂಕರಿನವನು ಎರಡು ದಿನ ಮಾತು ಬಿಟ್ಟ.

ಮುಂದಿನ ಟ್ರಿಪ್ಪಿಗೆ ಹೆಂಡತಿ ಹೊಸ ಪುಸ್ತಕ ತುಂಬಿ ಕೊಟ್ಟಳು. ಗೇಟು ದಾಟಿ, ಲಾರಿಯನ್ನು ಹೆದ್ದಾರಿಗೆ ಏರಿಸಿ, ಡೈರಿಯಣ್ಣ ಸ್ಟೇರಿಂಗಿನ ಗುಂಡಿ ಒತ್ತಿದ. ಹೊಸ ಸ್ಪೀಕರಿನಲ್ಲಿ ಅವಳು ಉಸಿರೆಳೆದದ್ದೂ ಕೇಳಿಸಿತು.

"ಕೇಳಿ, ಇದು ಸೊನ್ನೆ ಒಂದು. ಇದಕ್ಕಿಂತ ಮೊದಲು ಏನೂ ಆಗಿಲ್ಲ. ನೀವು ಏನನ್ನೂ ಮರೆತಿಲ್ಲ ರೀ," ಎಂದಳು ಅವಳು, ಮತ್ತು ಕತೆ ಶುರು ಮಾಡಿದಳು.